ಮೆಟ್ಟಿಲ ಬದಿಯಲ್ಲಿ ಕೂತವರನ್ನು ಕಂಡಾಗ

ದೇವರ ದರ್ಶನಕ್ಕೆಂದು ಮನೆಯಿಂದ ಹೊರಟ ಭಕ್ತಾದಿಗಳಿಗೆ ಬಹಳ ಕ್ಷೇತ್ರಗಳಲ್ಲಿ ದೇವರಿಗಿಂತ ಮೊದಲು ಕಾಣಿಸುವುದು ಬಡತನ. ಬಸ್ಸಿನಿಂದ ಇಳಿದು, ಕೈಕಾಲು ತೊಳೆದು, ಹಣ್ಣುಕಾಯಿ ಚೀಲ ಹಿಡಿದು, ಮೊದಲ ಮೆಟ್ಟಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವಷ್ಟರಲ್ಲೇ ಪಕ್ಕದಿಂದ "ಅವ್ವಾ, ಏನಾದ್ರೂ ಕೊಡವ್ವಾ" ಎಂಬ ದನಿ ಬರುತ್ತದೆ. ತಿರುಗಿದರೆ ಹರಿದ ಸೆರಗು ಹೊದ್ದ ಒಬ್ಬ ಅಜ್ಜಿ. ನಾಲ್ಕು ಮೆಟ್ಟಿಲು ಮೇಲೆ ಕಣ್ಣಿಲ್ಲದ ಒಬ್ಬ ಮುದುಕ. ಅದರಾಚೆ ಬೆರಳು ಸವೆದ ಕೈ ಚಾಚಿ ಕುಳಿತವರು, ಕಂಕುಳಲ್ಲಿ ಕೂಸು ಎತ್ತಿಕೊಂಡ ಹುಡುಗಿ. ಮೇಲೇರಿದ ಹಾಗೆಲ್ಲ ಬೆಟ್ಟದ ಗಾಳಿ ತಣ್ಣಗಾಗುತ್ತದೆ, ಭಕ್ತರ ಮನಸ್ಸು ಮಾತ್ರ ಭಾರವಾಗುತ್ತಾ ಹೋಗುತ್ತದೆ.

ಇದು ಯಾವುದೋ ಒಂದು ಬೆಟ್ಟದ ಮಾತಲ್ಲ. ಸವದತ್ತಿಯ ಗುಡ್ಡದಲ್ಲೂ ಹೀಗೆಯೇ, ಪುರಿಯ ದೊಡ್ಡ ಬೀದಿಯಲ್ಲೂ ಹೀಗೆಯೇ, ಹರಿದ್ವಾರದ ಸೋಪಾನದಲ್ಲೂ ಹೀಗೆಯೇ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಿಂದ ಕಾಶಿ ದರ್ಶನದ ಭಾರತ್ ಗೌರವ್ ರೈಲು ಶುರುವಾದ ಮೇಲೆ ನಮ್ಮ ಕಡೆಯ ಎಷ್ಟೋ ಹಿರಿಯರು ಕಾಶಿ ಕಂಡು ಬಂದಿದ್ದಾರೆ. ಗಂಗಾರತಿಯ ಚೆಂದವನ್ನು ಊರಿಗೆಲ್ಲ ಬಾಯ್ತುಂಬಾ ಹೇಳುತ್ತಾರೆ. ಘಾಟಿನ ಮೆಟ್ಟಿಲಿನಲ್ಲಿ ಕಂಡದ್ದನ್ನು ಹೇಳುವಾಗ ಮಾತ್ರ ದನಿ ಇಳಿಯುತ್ತದೆ. "ಅದೊಂದನ್ನ ನೋಡೋಕಾಗಲಿಲ್ಲ" ಎಂದು ಸುಮ್ಮನಾಗುತ್ತಾರೆ.

ಈ ಸಂಕಟವನ್ನು ಯಾತ್ರಿಕರು ಸಾಮಾನ್ಯವಾಗಿ ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ. ಗರ್ಭಗುಡಿಯ ಮುಂದೆ ನಿಂತು ಕಣ್ಣು ಮುಚ್ಚಿದರೆ ಅಲಂಕಾರದ ಮೂರ್ತಿ ಮೂಡುವ ಬದಲು ಮೆಟ್ಟಿಲ ಬದಿಯ ಆ ಮುಖ ಮೂಡುತ್ತದೆ. ಪ್ರಸಾದದ ತುತ್ತು ಗಂಟಲಿನಲ್ಲಿ ನಿಲ್ಲುತ್ತದೆ. ಯಾತ್ರೆಗೆ ಬಂದು ಹಗುರಾಗಬೇಕಾದವರು ಇನ್ನೊಂದು ಭಾರ ಹೊತ್ತು ಮನೆಗೆ ಮರಳುತ್ತಾರೆ. ಒಳ್ಳೆಯವರಿಗೇ ಇದು ಹೆಚ್ಚು. ಅವರ ಮನಸ್ಸಿನಲ್ಲಿ ಏಳುವ ಪ್ರಶ್ನೆಯೂ ಸಣ್ಣದಲ್ಲ. ಹಸಿದವರನ್ನು ದಾಟಿಕೊಂಡು ಹೋಗಿ ದೇವರ ಮುಂದೆ ಶಾಂತಿ ಬೇಡುವುದು ಸರಿಯೇ? ಆ ಶಾಂತಿ ಸಿಕ್ಕರೂ ಅದನ್ನು ನಂಬಬಹುದೇ? ಈ ಪ್ರಶ್ನೆಯನ್ನು ಮೆಲ್ಲಗೆ ಬದಿಗೆ ಸರಿಸಲು ಮನುಷ್ಯ ಹಲವು ದಾರಿ ಕಂಡುಕೊಂಡಿದ್ದಾನೆ. ಆ ದಾರಿಗಳನ್ನು ಒಮ್ಮೆ ನಿಂತು ನೋಡುವುದು ಒಳ್ಳೆಯದು.

ಚಿಲ್ಲರೆ ಅಂಗಡಿಯ ದಾರಿ ಎಲ್ಲಕ್ಕಿಂತ ಸುಲಭದ್ದು. ಹಲವು ಕ್ಷೇತ್ರಗಳಲ್ಲಿ ಬೆಟ್ಟದ ಬುಡದಲ್ಲೇ ನೋಟು ತೆಗೆದುಕೊಂಡು ನಾಣ್ಯ ಕೊಡುವವರು ಕೂತಿರುತ್ತಾರೆ, ಒಂದಿಷ್ಟು ಕಮಿಷನ್ ಹಿಡಿದುಕೊಂಡು. ಯಜಮಾನರು ನೂರು ರೂಪಾಯಿಯ ನಾಣ್ಯ ಕೊಂಡು, ಹತ್ತುವಾಗ ಒಂದೊಂದು ತಟ್ಟೆಗೆ ಒಂದೊಂದರಂತೆ ಹಾಕುತ್ತಾ ಹೋಗುತ್ತಾರೆ. ಠಣ್, ಠಣ್, ಠಣ್. ಯಾರ ತಟ್ಟೆಗೆ ಬಿತ್ತು, ತಟ್ಟೆಯ ಹಿಂದೆ ಕೂತವರು ಗಂಡಸೋ ಹೆಂಗಸೋ, ನೋಡುವುದಿಲ್ಲ. ಇದರಲ್ಲಿ ತಪ್ಪೇನೂ ಇಲ್ಲ, ಕೂತವರಿಗೆ ಅದೇ ಆ ದಿನದ ಸಂಪಾದನೆ. ಆದರೆ ಹಾಗೆ ಹಾಕುತ್ತಾ ಹೋದವರಿಗೆ ಸಂಕಟ ಕಳೆಯಿತೇ ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. ಕಳೆಯುವುದಾದರೂ ಹೇಗೆ? ಮುಖಗಳ ಸಾಲನ್ನು ಹುಂಡಿಗಳ ಸಾಲು ಎಂದುಕೊಂಡು ನಡೆದಿದ್ದಾಯಿತು. ಈಗಂತೂ ಫೋನಿನಲ್ಲೇ ಎಲ್ಲ ಪಾವತಿ. ಜೇಬಿನಲ್ಲಿ ಒಂದು ನಾಣ್ಯವೂ ಇರುವುದಿಲ್ಲ. "ಚಿಲ್ಲರೆ ಇಲ್ಲಮ್ಮ" ಎನ್ನುವುದು ಹಿಂದೆ ಬಹಳ ಸಲ ನೆಪವಾಗಿತ್ತು, ಈಗ ನಿಜವೇ ಆಗಿದೆ.

ಇನ್ನು ಕೆಲವರು "ಅವರವರು ಪಡ್ಕೊಂಡು ಬಂದಿದ್ದು, ನಾವೇನು ಮಾಡೋಕಾಗುತ್ತೆ" ಎಂದು ಮುಂದೆ ಹೋಗುತ್ತಾರೆ. ಕರ್ಮದ ಮಾತು ಹಿರಿಯರು ಹೇಳಿದ್ದೇ. ಆದರೆ ಅದನ್ನು ಎಲ್ಲಿ ಆಡಬೇಕು ಎಂಬುದಕ್ಕೂ ಒಂದು ವಿವೇಕ ಬೇಕು. ತನಗೆ ಬಂದ ಕಷ್ಟದ ಎದುರು ಮನುಷ್ಯ ಆ ಮಾತು ಹೇಳಿಕೊಂಡರೆ ತಾಳ್ಮೆ ಬರುತ್ತದೆ. ಅದೇ ಮಾತನ್ನು ಪಕ್ಕದವನ ಹಸಿವಿಗೆ ಅಂಟಿಸಿದರೆ ಬರುವುದು ಕಲ್ಲುಮನಸ್ಸು. ಲೆಕ್ಕಾಚಾರವೇ ಮಾಡುವುದಾದರೂ ಅದು ಅರ್ಧಕ್ಕೆ ನಿಲ್ಲಬಾರದು. ಆ ಮುದುಕನ ಹಸಿವು ಅವನ ಕರ್ಮಫಲವಾದರೆ, ಜೇಬಿನಲ್ಲಿ ದುಡ್ಡಿಟ್ಟುಕೊಂಡ ಒಬ್ಬ ಮನುಷ್ಯ ಅದೇ ಹೊತ್ತಿಗೆ ಅವನ ಎದುರು ಬಂದು ನಿಂತದ್ದು ಯಾರ ಕರ್ಮಫಲ? ಇಬ್ಬರೂ ಒಂದೇ ಮೆಟ್ಟಿಲಿನ ಮೇಲೆ ಸಿಕ್ಕಿದ್ದಾರೆ. ಒಬ್ಬನದನ್ನು ಮಾತ್ರ ವಿವರಿಸಿ ಇನ್ನೊಬ್ಬನದನ್ನು ಬಿಟ್ಟುಬಿಡುವುದು ಬರೀ ಅನುಕೂಲದ ವೇದಾಂತ.

"ಇದೆಲ್ಲಾ ದಂಧೆ ಕಣ್ರೀ" ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಒಂದಿಷ್ಟು ಸತ್ಯವಿದೆ. ಮಕ್ಕಳನ್ನು ಮುಂದೆ ಬಿಟ್ಟು ಹಿಂದೆ ನಿಂತು ದುಡ್ಡು ಎಣಿಸುವವರು ಇಲ್ಲವೆನ್ನುವಂತಿಲ್ಲ. ಆದ್ದರಿಂದಲೇ ಬೇಡುವ ಮಗುವಿನ ಕೈಗೆ ಕಾಸು ಕೊಡದಿರುವುದು ಲೇಸು. ಎಷ್ಟು ಹೆಚ್ಚು ಕಾಸು ಬೀಳುತ್ತದೋ ಅಷ್ಟು ವರ್ಷ ಆ ಮಗು ಶಾಲೆಯ ಬಾಗಿಲು ಕಾಣುವುದಿಲ್ಲ. ಕೂರಿಸಿಕೊಂಡು ಇಡ್ಲಿ ತಿನ್ನಿಸಬಹುದು, ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಫೋನ್ ಮಾಡಬಹುದು. ಆದರೆ ದಂಧೆಯ ಮಾತನ್ನು ಸಾಲಿನಲ್ಲಿ ಕೂತ ಎಲ್ಲರಿಗೂ ಹಚ್ಚಿ, ಎಂಬತ್ತರ ಮುದುಕಿಯನ್ನೂ ಕಳ್ಳಿಯೆಂದು ಬಗೆದು ಹೊರಡುವುದರಲ್ಲಿ ವಿಚಾರಕ್ಕಿಂತ ಪಾರಾಗುವ ಆತುರವೇ ಹೆಚ್ಚು. ಅಪಾತ್ರ ದಾನ ಎಂಬ ಮಾತನ್ನು ಇಂಥವರು ಗೀತೆಯಿಂದ ಎತ್ತಿ ಆಡುತ್ತಾರೆ. ಹದಿನೇಳನೆಯ ಅಧ್ಯಾಯದಲ್ಲಿ ದೇಶ, ಕಾಲ, ಪಾತ್ರ ನೋಡಿ ಕೊಡಬೇಕೆಂದು ಇದೆ, ನಿಜ. ಅಲ್ಲೇ ಅದರ ಬೆನ್ನಿಗೆ, ಗೌರವವಿಲ್ಲದೆ ತಾತ್ಸಾರದಿಂದ ಕೊಟ್ಟದ್ದೂ ತಾಮಸ ದಾನವೆಂದು ಹೇಳಿದೆ. ಅಪಾತ್ರನಿಗೆ ಕೊಡುವುದನ್ನೂ ಅವಮಾನಿಸಿ ಕೊಡುವುದನ್ನೂ ಒಂದೇ ಸಾಲಿನಲ್ಲಿ ಕೂರಿಸಲಾಗಿದೆ. ಮೊದಲ ಭಾಗ ಎಲ್ಲರಿಗೂ ಬಾಯಿಪಾಠ, ಎರಡನೆಯದು ಅಷ್ಟಾಗಿ ಯಾರ ನೆನಪಿನಲ್ಲೂ ಉಳಿದಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಅಡ್ಡಿ ಆತುರ. ದರ್ಶನದ ಸಾಲು ಬೆಳೆಯುತ್ತಿದೆ, ಬಸ್ಸು ನಾಲ್ಕು ಗಂಟೆಗೆ ಹೊರಡುತ್ತದೆ, ಮಹಾಮಂಗಳಾರತಿ ತಪ್ಪಿಹೋಗಬಾರದು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಡಾರ್ಲಿ, ಬ್ಯಾಟ್ಸನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ನಡೆಸಿ 1973ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯನ್ನು ಇಲ್ಲಿ ನೆನೆಯಬಹುದು. ಅವರು ಆರಿಸಿಕೊಂಡದ್ದು ಧರ್ಮಗುರುಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನು. ಪಕ್ಕದ ಕಟ್ಟಡಕ್ಕೆ ಹೋಗಿ ಉಪನ್ಯಾಸ ಕೊಡಬೇಕೆಂದು ಅವರಿಗೆ ಹೇಳಲಾಯಿತು. ಅರ್ಧದಷ್ಟು ಜನರಿಗೆ ಕೊಟ್ಟ ವಿಷಯವೇ, ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದ ಸಮಾರ್ಯದವನ ಬೈಬಲ್ ಕಥೆ. ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ಕೂತು ಕೆಮ್ಮುತ್ತಾ ನರಳುವಂತೆ ಏರ್ಪಾಟು ಮಾಡಿದ್ದರು. ಬಿಡುವಾಗಿದ್ದವರಲ್ಲಿ ನೂರಕ್ಕೆ 63 ಮಂದಿ ನಿಂತರು. ತಡವಾಯಿತು ಓಡಿ ಎಂದು ಕಳಿಸಲ್ಪಟ್ಟವರಲ್ಲಿ ನಿಂತದ್ದು ನೂರಕ್ಕೆ 10. ಕೆಲವರು ಆ ಕರುಣೆಯ ಕಥೆ ಹೇಳಲೆಂದೇ ಓಡುತ್ತಾ ನರಳುವವನನ್ನು ದಾಟಿಯೇ ಹೋದರು. ಅವರೇನು ಕೆಟ್ಟವರಲ್ಲ, ಹೊತ್ತಾಗಿತ್ತು ಅಷ್ಟೇ. ಬೆಟ್ಟಕ್ಕೆ ಬರುವವರು ಒಂದು ಗಂಟೆ ಮೊದಲೇ ಹೊರಟರೆ ಅರ್ಧ ಸಂಕಟ ತಾನಾಗಿ ಕಡಿಮೆಯಾದೀತು. ಇದನ್ನು ತಮಾಷೆಯ ಮಾತು ಎಂದುಕೊಳ್ಳಬೇಕಾಗಿಲ್ಲ.

ಸರಿ, ಆತುರವಿಲ್ಲದೆ ನಿಂತು ನೋಡಿದರೂ ಎದೆ ಹಿಂಡಿದಂತಾಗುತ್ತದಲ್ಲ, ಅದೇನು? ಅದೇ ಕರುಣೆ ಎಂದು ಬಹಳ ಜನ ತಿಳಿದಿದ್ದಾರೆ. ಹಿಂದಿನವರು ಇದನ್ನು ಇನ್ನೂ ಸೂಕ್ಷ್ಮವಾಗಿ ಕಂಡಿದ್ದರು. ಪತಂಜಲಿಯ ಯೋಗಸೂತ್ರದಲ್ಲೂ ಬೌದ್ಧರ ಗ್ರಂಥಗಳಲ್ಲೂ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಎಂಬ ನಾಲ್ಕು ಭಾವಗಳು ಬರುತ್ತವೆ. ಐದನೆಯ ಶತಮಾನದಲ್ಲಿ ಸಿಂಹಳದಲ್ಲಿದ್ದ ಬುದ್ಧಘೋಷನೆಂಬ ಪಂಡಿತ ತನ್ನ ವಿಶುದ್ಧಿಮಾರ್ಗ ಗ್ರಂಥದಲ್ಲಿ ಒಂದೊಂದು ಭಾವಕ್ಕೂ ಇಬ್ಬಿಬ್ಬರು ಶತ್ರುಗಳೆಂದು ಹೇಳುತ್ತಾನೆ, ಒಬ್ಬ ದೂರದವನು, ಒಬ್ಬ ಹತ್ತಿರದವನು. ಕರುಣೆಗೆ ದೂರದ ಶತ್ರು ಕ್ರೌರ್ಯ. ಅದು ಎದುರಿಗೇ ಬರುತ್ತದೆ, ಯಾರಿಗಾದರೂ ಗುರುತು ಸಿಗುತ್ತದೆ. ಹತ್ತಿರದ ಶತ್ರು ಯಾರೆಂದರೆ ಶೋಕ. ಅದು ಕರುಣೆಯದೇ ಬಟ್ಟೆ ತೊಟ್ಟು ಒಳಗೆ ಬರುತ್ತದೆ, ಅದೂ ಕಣ್ಣೀರು ಹಾಕುತ್ತದೆ, ಆದ್ದರಿಂದ ಗುರುತು ಸಿಗುವುದಿಲ್ಲ.

ಎರಡನ್ನೂ ಬೇರೆ ಮಾಡಿ ನೋಡುವುದು ಹೇಗೆ? ದಿನನಿತ್ಯದ ಮಾತನ್ನೇ ಗಮನಿಸಿದರೆ ಸಾಕು. "ನನ್ನ ಕೈಲಿ ನೋಡೋಕಾಗಲ್ಲಪ್ಪ" ಎನ್ನುತ್ತಾರಲ್ಲ, ಆ ಮಾತಿನಲ್ಲಿ ಹಸಿದವನು ಎಲ್ಲಿದ್ದಾನೆ? ಇರುವುದೆಲ್ಲ ನೋಡುವವರ ಕಣ್ಣು, ನೋಡುವವರ ಎದೆ, ನೋಡುವವರ ನಿದ್ದೆ. ಬೆಟ್ಟಕ್ಕೆ ಹಿಂದಿನಿಂದ ಬೇರೆ ದಾರಿಯಿದೆ, ಅಲ್ಲಿ ಒಬ್ಬರೂ ಬೇಡುವವರಿಲ್ಲ ಎಂದು ಯಾರಾದರೂ ಹೇಳಿದರೆ ಮನಸ್ಸು ಹಗುರಾಗುತ್ತದೆಯೇ? ಹಗುರಾದರೆ ಅದು ಶೋಕ. ದಾರಿ ಬದಲಿಸಿದ್ದರಿಂದ ಅಜ್ಜಿಯ ಹೊಟ್ಟೆಯೇನೂ ತುಂಬಲಿಲ್ಲವಲ್ಲ. ಮೇಲೆ ಹೇಳಿದ ಬ್ಯಾಟ್ಸನ್ ಅವರೂ ಮುಂದೆ ತಮ್ಮ ಪ್ರಯೋಗಗಳಲ್ಲಿ ಇದನ್ನೇ ಕಂಡರು. ಇನ್ನೊಬ್ಬರ ನೋವು ನೋಡಿ ಬರೀ ತಳಮಳಗೊಂಡವರು, ಎದ್ದು ಹೋಗುವ ದಾರಿ ಸುಲಭವಿದ್ದರೆ ಎದ್ದು ಹೋಗುತ್ತಿದ್ದರು. ನೋವಿನಲ್ಲಿದ್ದವರ ಮೇಲೆಯೇ ಮನಸ್ಸು ನೆಟ್ಟವರು ಬಾಗಿಲು ತೆರೆದಿದ್ದರೂ ಉಳಿಯುತ್ತಿದ್ದರು.

ಶೋಕವನ್ನು ಹೀಗೆ ಗುರುತಿಸಿದ ಮೇಲೆ ತನ್ನನ್ನು ತಾನು ಹಳಿದುಕೊಳ್ಳಬೇಕಾಗಿಲ್ಲ. ಸಿದ್ಧಾರ್ಥನೂ ಮೊದಲು ಮುದುಕನನ್ನು, ರೋಗಿಯನ್ನು, ಹೆಣವನ್ನು ಕಂಡಾಗ ತಳಮಳಗೊಂಡು ರಥ ತಿರುಗಿಸಿ ಅರಮನೆಗೆ ಮರಳಿದನೆಂದೇ ಕಥೆ ಹೇಳುತ್ತದೆ. ಶೋಕ ಬರುವುದು ಸಹಜ. ಅದು ಬಂದಾಗ ಮುಖವನ್ನು ತನ್ನಿಂದ ಆಚೆಗೆ, ಎದುರಿಗೆ ಕೂತವರ ಕಡೆಗೆ ತಿರುಗಿಸುವುದಷ್ಟೇ ಮಾಡಬೇಕಾದ ಕೆಲಸ. ಅದಕ್ಕೆ ಧ್ಯಾನ, ಉಪದೇಶ ಏನೂ ಬೇಡ. ಕನ್ನಡಿಗರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಒಂದು ಮಾತು ಸಾಕು, "ಊಟ ಆಯ್ತಾ?"

ಈ ಮಾತಿನ ವಿಚಿತ್ರ ನೋಡಿ. ಬೀಗರು ಸಿಕ್ಕರೆ ಕೇಳುತ್ತಾರೆ, ಅಂಗಡಿಯವರನ್ನು ಕೇಳುತ್ತಾರೆ, ಫೋನಿನಲ್ಲಿ ಕೇಳುತ್ತಾರೆ, ಈಗಷ್ಟೇ ಕೈ ತೊಳೆದು ಎದ್ದವರನ್ನೂ ಕೇಳುತ್ತಾರೆ. ಊಟ ಆಗಿಲ್ಲವೆಂದು ಮುಖ ನೋಡಿದರೇ ತಿಳಿಯುವ ಒಬ್ಬರನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೆ "ಇಲ್ಲ" ಎಂಬ ಉತ್ತರ ಬರುತ್ತದೆ, ಆಮೇಲೆ ಏನು ಮಾಡುವುದು ಎಂಬ ಭಯ. ಆದರೆ ಕೇಳಿದವರಿಗೆ ಗೊತ್ತು, ಆ ಭಯ ಬಹಳ ಹೊತ್ತು ನಿಲ್ಲುವುದಿಲ್ಲ. ಎಷ್ಟೋ ಸಲ "ಆಯ್ತು ಕಣವ್ವಾ, ನಿಂದು?" ಎಂದು ಅಜ್ಜಿಯೇ ತಿರುಗಿ ಕೇಳುತ್ತಾಳೆ. ಯಾವೂರು, ಮಕ್ಕಳೆಷ್ಟು, ಮಳೆಗಾಲದಲ್ಲಿ ಎಲ್ಲಿ ಮಲಗುತ್ತೀ ಎಂದು ಎರಡು ನಿಮಿಷ ಮಾತಾಡಿದರೆ ಅಲ್ಲಿ ಕೂತಿರುವುದು ಬಡತನವೆಂಬ ದೊಡ್ಡ ಬೆಟ್ಟ ಅಲ್ಲ, ಯಾವುದೋ ಊರಿನ, ಯಾರದೋ ತಾಯಿಯಾದ ಒಬ್ಬ ಹೆಂಗಸು ಎಂದು ತಿಳಿಯುತ್ತದೆ. ಬಡತನದ ಎದುರು ಒಬ್ಬ ಯಾತ್ರಿಕ ಏನೂ ಮಾಡಲಾರ. ಒಬ್ಬ ಅಜ್ಜಿಯ ಎದುರು ಮಾಡಬಹುದಾದದ್ದು ಬೇಕಾದಷ್ಟಿದೆ. ಅನ್ನದಾನ ನಡೆಯುವ ಕ್ಷೇತ್ರವಾದರೆ "ಬಾ ಅಜ್ಜಿ, ನಮ್ ಜೊತೆ ಪಂಕ್ತಿಗೆ ಕೂತ್ಕೊ" ಎಂದು ಕರೆದೊಯ್ಯಬಹುದು. ಅನ್ನದ ಬಾಗಿಲು ಎಲ್ಲರಿಗೂ ತೆರೆದಿದ್ದರೂ ಮಾಸಿದ ಬಟ್ಟೆಯವರು ಒಳಗೆ ಬರಲು ಹಿಂಜರಿಯುತ್ತಾರೆ. ಜೊತೆಗೆ ಒಬ್ಬರು ಇದ್ದರೆ ಹಿಂಜರಿಕೆ ಇರುವುದಿಲ್ಲ. ಕೊಡಲು ಏನೂ ಇಲ್ಲದಿದ್ದರೆ ನಿಂತು, ಮುಖ ನೋಡಿ, "ಇವತ್ತು ಇಲ್ಲವ್ವಾ" ಎಂದು ಹೇಳಿ ಹೋಗುವುದೂ ಸರಿಯೇ. ಫೋಟೋ ಮಾತ್ರ ತೆಗೆಯಬಾರದು. ಯಾರ ಬಡತನವೂ ಇನ್ನೊಬ್ಬರ ಫೋನಿನಲ್ಲಿ ಇರಬೇಕಾದ ವಸ್ತುವಲ್ಲ.

ಬೇಡುವ ಕೈಯೆಂದರೆ ಕೀಳು ಎಂಬ ಭಾವನೆ ನಮ್ಮ ಸಂಪ್ರದಾಯದಲ್ಲಿ ಇಲ್ಲವೇ ಇಲ್ಲ. ಹಳೇ ಮೈಸೂರಿನ ಕಡೆ ವೆಂಕಟರಮಣನ ಒಕ್ಕಲಿನವರು ಶ್ರಾವಣ ಶನಿವಾರ ನಾಮ ಹಾಕಿಕೊಂಡು, ಚೊಂಬು ಹಿಡಿದು, ಗೋವಿಂದನ ಹೆಸರು ಕೂಗುತ್ತಾ ಮನೆಮನೆಗೆ ಹೋಗಿ ಅಕ್ಕಿ ಬೇಡುತ್ತಾರೆ. ಮನೆಯಲ್ಲಿ ಮೂಟೆಗಟ್ಟಲೆ ದಾಸ್ತಾನು ಇದ್ದವನ ಮಗನೂ ಅವತ್ತು ಬೇಡಲೇಬೇಕು. ಉಪನಯನದ ವಟು ಹೆತ್ತ ತಾಯಿಯ ಮುಂದೆಯೇ ಭಿಕ್ಷೆಗೆ ನಿಲ್ಲುತ್ತಾನೆ. ಮಾದಪ್ಪನ ದೇವರಗುಡ್ಡರಿಗೂ ಕಂಸಾಳೆಯವರಿಗೂ ಭಿಕ್ಷೆ ಎಂಬುದು ದೀಕ್ಷೆಯ ಜೊತೆಗೇ ಬಂದದ್ದು. ತುಮಕೂರಿನ ಸಿದ್ಧಗಂಗೆಯಲ್ಲಿ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಮಠದ ಮಕ್ಕಳ ಅನ್ನಕ್ಕಾಗಿ ಊರೂರಿಗೆ ಭಿಕ್ಷೆಗೆ ಹೋದವರು. ವರ್ಷದಲ್ಲಿ ಒಂದು ದಿನವಾದರೂ ಕೈ ಕೆಳಗಿರಲಿ, ಬೇಡುವುದು ಹೇಗಿರುತ್ತದೆಂದು ಮೈಗೆ ಗೊತ್ತಾಗಲಿ ಎಂಬುದೇ ಇದರ ಅರ್ಥವಿರಬೇಕು. ವ್ರತದವರಿಗೆ ಸಂಜೆಗೆ ಮನೆಯಿದೆ. ಮೆಟ್ಟಿಲಿನವರಿಗೆ ಆ ವ್ರತ ಮುಗಿಯುವುದೇ ಇಲ್ಲ, ವ್ಯತ್ಯಾಸ ಅಷ್ಟೇ.

ಮಕ್ಕಳನ್ನು ಕರೆತಂದವರಿಗೆ ಇನ್ನೊಂದು ಮಾತು. ಮಕ್ಕಳು ದೊಡ್ಡವರ ಹಾಗೆ ಕಣ್ಣು ತಪ್ಪಿಸುವುದಿಲ್ಲ. "ಅಮ್ಮಾ, ಆ ತಾತಂಗೆ ಮನೆ ಇಲ್ವಾ? ನಮ್ಮನೆಗೆ ಕರ್ಕೊಂಡು ಹೋಗೋಣ್ವಾ?" ಎಂದು ಗಟ್ಟಿಯಾಗಿ ಕೇಳಿಬಿಡುತ್ತವೆ. ಅದಕ್ಕೆ ಬಹಳ ಅಪ್ಪ ಅಮ್ಮಂದಿರ ಉತ್ತರ, "ನೋಡು, ಸರಿಯಾಗಿ ಓದದಿದ್ರೆ ನೀನೂ ಹೀಗೇ ಆಗ್ತೀಯ." ಎರಡು ಅಡಿ ದೂರದಲ್ಲಿ ಕೂತ ಆ ತಾತನಿಗೂ ಅದು ಕೇಳಿಸುತ್ತದೆ. ಇಂಥ ಮಾತು ಆಡಬಾರದು. "ದೇವರು ನಮ್ಮನ್ನ ಚೆನ್ನಾಗಿಟ್ಟಿದ್ದಾನಲ್ಲ, ಅದಕ್ಕೆ ಖುಷಿಪಡು" ಎನ್ನುವುದೂ ಅದೇ ಜಾತಿಯ ಮಾತು, ಸ್ವಲ್ಪ ಭಕ್ತಿ ಸವರಿದ್ದು. ಇನ್ನೊಬ್ಬರ ಇಲ್ಲದಿರುವಿಕೆಯನ್ನು ತೋರಿಸಿ ಕೃತಜ್ಞತೆ ಕಲಿಸಿದರೆ ಮಗು ಕಲಿಯುವುದು ಹೋಲಿಕೆಯನ್ನು ಮಾತ್ರ. ಅದರ ಬದಲು ಬಾಳೆಹಣ್ಣೋ ಹತ್ತು ರೂಪಾಯಿಯೋ ಮಗುವಿನ ಕೈಯಿಂದಲೇ ಕೊಡಿಸಬೇಕು. ಬಲಗೈಯಲ್ಲಿ, ಬಗ್ಗಿ, "ತಗೊಳ್ಳಿ ತಾತ" ಎಂದು ಹೇಳಿಸಿ. ಮನೆಗೆ ಕರೆದುಕೊಂಡು ಹೋಗಲು ಏಕಾಗುವುದಿಲ್ಲ ಎಂದು ಮಗು ಮತ್ತೆ ಕೇಳಿದರೆ ಸುಳ್ಳು ಹೇಳದೆ, "ಗೊತ್ತಿಲ್ಲ ಪುಟ್ಟ" ಎಂದರೂ ಆಯಿತು.

ಬೇಡುವವರ ಮೇಲೆಯೇ ಕಣ್ಣು ನೆಟ್ಟು, ಬೆಟ್ಟದ ಉಳಿದ ಬಡವರು ಕಾಣದೆ ಹೋಗುವುದೂ ಉಂಟು. 2011ರ ಜನಗಣತಿಯಲ್ಲಿ ಭಿಕ್ಷುಕರು, ಅಲೆಮಾರಿಗಳು ಎಂದು ಬರೆಸಿಕೊಂಡವರು ಇಡೀ ದೇಶದಲ್ಲಿ 4,13,670 ಜನ. ಆಗಿನ ಜನಸಂಖ್ಯೆ 121 ಕೋಟಿ. ಬಡತನದ ಬಹುಪಾಲು ಬೇಡುವುದೇ ಇಲ್ಲ, ದುಡಿಯುತ್ತದೆ. ಹೂವಿನ ಬುಟ್ಟಿ ಹೊತ್ತು ನಸುಕಿಗೇ ಬಂದವಳು, ಶೌಚಾಲಯ ತೊಳೆಯುವವಳು, ಮುಡಿ ಕೊಡುವ ಕಡೆ ಕೂದಲು ಗುಡಿಸುವವನು, ಲಾಡ್ಜಿನ ಹುಡುಗ. ಹುಂಡಿಗೆ ಐನೂರರ ನೋಟು ಮಡಚಿ ಹಾಕಿದ ಕೈಯೇ ಮೊಳ ಹೂವಿಗೆ ಐದು ರೂಪಾಯಿ ಚೌಕಾಸಿ ಮಾಡುತ್ತದೆ. ಬೇಡಿದವರಿಗೆ ಕೊಟ್ಟ ಹತ್ತು ರೂಪಾಯಿ, ದುಡಿದವಳಿಂದ ಕಿತ್ತುಕೊಂಡ ಐದು ರೂಪಾಯಿ, ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದರೆ ಲೆಕ್ಕ ಬೇರೆಯೇ ಕಾಣುತ್ತದೆ.

ಡೋಲಿಯ ವಿಷಯದಲ್ಲಂತೂ ಒಳ್ಳೆಯ ಮನಸ್ಸಿನವರೇ ಗೊಂದಲಕ್ಕೆ ಬೀಳುತ್ತಾರೆ. ಶ್ರವಣಬೆಳಗೊಳದ ದೊಡ್ಡ ಬೆಟ್ಟದಲ್ಲಿ ಮಂಡಿನೋವಿನ ಹಿರಿಯರನ್ನು ಡೋಲಿಯಲ್ಲಿ ಹೊರುತ್ತಾರೆ. ಕೇದಾರನಾಥದಲ್ಲಿ ಗೌರೀಕುಂಡದಿಂದ ಮೇಲಕ್ಕೆ ಕಂಡಿ ಎಂಬ ಬುಟ್ಟಿಯಲ್ಲಿ ಒಬ್ಬನೇ ಮನುಷ್ಯ ಇನ್ನೊಬ್ಬ ಮನುಷ್ಯನನ್ನು ಬೆನ್ನ ಮೇಲೆ ಹೊತ್ತು ನಡೆಯುತ್ತಾನೆ. ಹಾಗೆ ಹೊರುವವರಲ್ಲಿ ಅನೇಕರು ನೇಪಾಳದಿಂದ ಬಂದವರು. ಹೊರುವವನ ಹೆಗಲು ಜಡ್ಡುಗಟ್ಟಿದ್ದನ್ನು ಕಂಡು "ಛೆ, ಒಬ್ಬ ಮನುಷ್ಯನ ಹೆಗಲೇರಿ ದೇವರ ಹತ್ರ ಹೋಗೋದಾ" ಎಂದು ಹಿಂದೆ ಸರಿದವರಿದ್ದಾರೆ. ಆ ಭಾವನೆ ಸುಳ್ಳಲ್ಲ. ಆದರೆ ಡೋಲಿಯವನನ್ನು ಕೇಳಿದರೆ ಅವನು ಹೇಳಬಹುದಾದದ್ದು ಇಷ್ಟೇ, "ನೀವು ಹತ್ತದಿದ್ರೆ ನಮ್ಮನೆ ಒಲೆ ಹತ್ತಲ್ಲ ಸ್ವಾಮಿ." ಹತ್ತಲಾಗದ ಹಿರಿಯರು ಸಂಕೋಚವಿಲ್ಲದೆ ಕೂರಬಹುದು. ಕೂತ ಮೇಲೆ ನಡೆದುಕೊಳ್ಳುವ ರೀತಿಯಲ್ಲಿ ಎಲ್ಲವೂ ಇದೆ. ನಿಗದಿಯಾದ ದರಕ್ಕಿಂತ ಕಡಿಮೆಗೆ ಜಗ್ಗಬಾರದು. ಅರ್ಧ ದಾರಿಯಲ್ಲಿ ಅವರು ಇಳಿಸಿ ಉಸಿರು ತೆಗೆದುಕೊಳ್ಳುವಾಗ ಗಡಿಯಾರ ನೋಡಬಾರದು. ತಾವು ಎಳನೀರು ಕುಡಿಯುವಾಗ ಅವರಿಗೂ ಕೊಡಿಸಬೇಕು. "ಏಯ್" ಎನ್ನದೆ "ಅಣ್ಣಾ" ಎನ್ನಬೇಕು. ಕಾಲು ಗಟ್ಟಿಯಿದ್ದು ಬರೀ ಮೋಜಿಗೆ ಹತ್ತುವವರ ಮಾತು ಬೇರೆ, ಅವರು ನಡೆಯುವುದೇ ಸರಿ.

ಕೊಡುವ ಹುಮ್ಮಸ್ಸಿನಲ್ಲಿ ಎದುರಿನವರ ಮಾನ ಮರೆಯಬಾರದು ಎಂಬುದಕ್ಕೆ ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮನ ಕಥೆಗಿಂತ ದೊಡ್ಡದು ಬೇಡ. ಹನ್ನೆರಡನೇ ಶತಮಾನದ ಮಾತು. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಅದಕ್ಕಿಂತ ಬಡತನ ಇನ್ನೇನಿದೆ? ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಸಂತೋಷಪಡಲಿಲ್ಲ. ಇಷ್ಟೇಕೆ, ಅಗತ್ಯಕ್ಕಿಂತ ಹೆಚ್ಚಿನದು ನಮಗೆ ಸಲ್ಲದು, ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳಿಸಿದಳು. ಮೆಟ್ಟಿಲ ಬದಿಯಲ್ಲಿ ಕೂತವರೆಲ್ಲ ಲಕ್ಕಮ್ಮಂದಿರೆಂದು ಯಾರೂ ಹೇಳುವುದಿಲ್ಲ. ಆದರೆ ಅವರಲ್ಲಿ ಒಬ್ಬಾಕೆ ಇರಲಾರಳೆಂದು ಹೇಳುವುದಕ್ಕೂ ಬರುವುದಿಲ್ಲ. ಹಳೇ ಸೀರೆ ಕೊಡುವ ಮುಂಚೆ "ಬೇಕಾ ಅವ್ವಾ?" ಎಂದು ಕೇಳುವುದು ಅದಕ್ಕಾಗಿಯೇ.

ಇದಕ್ಕೆಲ್ಲ ಸರ್ಕಾರ ಇಲ್ಲವೇ ಎಂದು ಕೇಳುವವರ ಮಾತೂ ನ್ಯಾಯವಾದದ್ದೇ. ಕರ್ನಾಟಕದಲ್ಲಿ 1975ರಿಂದಲೇ ಭಿಕ್ಷಾಟನೆ ನಿಷೇಧ ಕಾಯಿದೆ ಇದೆ. ಹರಕೆಗಾಗಿ, ಸಂಪ್ರದಾಯದಂತೆ ಭಿಕ್ಷೆ ಎತ್ತುವವರನ್ನು ಆ ಕಾಯಿದೆ ಹೊರಗಿಟ್ಟಿದೆ. ಉಳಿದವರನ್ನು ಪರಿಹಾರ ಕೇಂದ್ರಗಳಿಗೆ ಸೇರಿಸಬೇಕೆನ್ನುತ್ತದೆ. ಅದರ ಖರ್ಚಿಗೆಂದೇ ಮನೆ, ನಿವೇಶನಗಳ ತೆರಿಗೆಯ ಜೊತೆ ಶೇಕಡಾ 3ರಷ್ಟು ಉಪಕರವನ್ನು ಸ್ಥಳೀಯ ಸಂಸ್ಥೆಗಳು ವಸೂಲಿ ಮಾಡುತ್ತವೆ. ಸ್ವಂತ ಮನೆಯಿದ್ದವರು ತಮಗೆ ಗೊತ್ತಿಲ್ಲದೆಯೇ ಪ್ರತಿ ವರ್ಷ ಈ ಭಿಕ್ಷೆ ಹಾಕುತ್ತಿದ್ದಾರೆ, ಅದು ಎಲ್ಲಿಗೆ ಹೋಯಿತೆಂದು ಕೇಳುವ ಹಕ್ಕು ಅವರಿಗಿದೆ. ಕೇಳಬೇಕು ಕೂಡ. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟದ್ದನ್ನು ನಾಡು ಮರೆತಿರಲಾರದು. ದೆಹಲಿಯಲ್ಲಿ ಬೇಡುವುದನ್ನು ಅಪರಾಧವೆಂದ ಕಾನೂನಿನ ಕಲಮುಗಳನ್ನು ಅಲ್ಲಿನ ಹೈಕೋರ್ಟು 2018ರಲ್ಲಿ ರದ್ದುಮಾಡಿತು. ಬೀದಿಯಲ್ಲಿ ಬೇಡುವುದನ್ನು ತಡೆಯಿರಿ ಎಂಬ ಬೇಡಿಕೆಯನ್ನು ಉಳ್ಳವರ ಕಣ್ಣಿನಿಂದ ನೋಡಲಾಗದೆಂದು 2021ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಣ್ಣ ಮುಂದಿನಿಂದ ಎತ್ತಿ ಸಾಗಿಸಿದ ಮಾತ್ರಕ್ಕೆ ಹಸಿವು ಹೋಗುವುದಿಲ್ಲ ಎಂಬುದು ನ್ಯಾಯಾಲಯಗಳಿಗೂ ಕಂಡ ವಿಷಯ.

ಇಷ್ಟಾದ ಮೇಲೂ ಸಂಕಟ ಪೂರ್ತಿ ಹೋಗುವುದಿಲ್ಲ. ಹೋಗಬೇಕಾಗಿಯೂ ಇಲ್ಲ. ಶ್ರೀರಾಮಕೃಷ್ಣರ ಶಿಷ್ಯರಲ್ಲೊಬ್ಬರಾದ ಸ್ವಾಮಿ ಅಖಂಡಾನಂದರು ಹಿಮಾಲಯ, ಟಿಬೆಟ್ ಎಲ್ಲ ಸುತ್ತಿದ ದೊಡ್ಡ ಯಾತ್ರಿಕರು. 1897ರಲ್ಲಿ ಬಂಗಾಳದ ಮುರ್ಷಿದಾಬಾದ್ ಜಿಲ್ಲೆಯಲ್ಲಿ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದಾಗ ಒಂದು ಊರಿನ ಹತ್ತಿರ ಬಡ ಮುಸ್ಲಿಂ ಹುಡುಗಿಯೊಬ್ಬಳು ಒಡೆದ ಕೊಡದ ಮುಂದೆ ಅಳುತ್ತಾ ನಿಂತಿದ್ದಳು. ಬರಗಾಲದ ದಿನಗಳು, ಮನೆಯಲ್ಲಿ ಇದ್ದದ್ದೇ ಅದೊಂದು ಕೊಡ. ಸ್ವಾಮಿಗಳು ಕೈಯಲ್ಲಿದ್ದ ಚಿಲ್ಲರೆಯಲ್ಲಿ ಅವಳಿಗೆ ಹೊಸ ಕೊಡ ಕೊಡಿಸಿದರು, ತಿನ್ನಲೂ ಒಂದಿಷ್ಟು ಕೊಡಿಸಿದರು. ಅಷ್ಟರಲ್ಲಿ ಹಸಿದ ಮಕ್ಕಳ ಗುಂಪೇ ಸುತ್ತ ನೆರೆಯಿತು. ಮುಂದಿನ ಊರಿಗೆ ಹೋಗುವುದಕ್ಕೆ ಅವರಿಂದ ಆಗಲಿಲ್ಲ. ಅಲ್ಲೇ ನಿಂತು ಮೇ ತಿಂಗಳಲ್ಲಿ ಅನ್ನ ಹಂಚುವ ಕೆಲಸ ಹಚ್ಚಿಕೊಂಡರು. ಅದೇ ತಿಂಗಳಲ್ಲಿ ಸ್ಥಾಪನೆಯಾದ ರಾಮಕೃಷ್ಣ ಮಿಷನ್ನಿಗೆ ಬರಗಾಲದ ಸೇವೆಯ ಮೊದಲ ಪಾಠ ಅಲ್ಲಿಂದಲೇ ಸಿಕ್ಕಿತು. ಮುಂದೆ ಸುಮಾರು ನಲವತ್ತು ವರ್ಷ, 1937ರಲ್ಲಿ ದೇಹ ಬಿಡುವವರೆಗೆ, ಅವರ ನೆಲೆ ಅದೇ ಜಿಲ್ಲೆ. ಈ ಕಥೆಯಲ್ಲಿ ನಲವತ್ತು ವರ್ಷದ ಸೇವೆಗೇ ಎಲ್ಲರೂ ಕೈಮುಗಿಯುತ್ತಾರೆ. ಮೊದಲು ಕೊಡಿಸಿದ ಆ ಒಂದು ಕೊಡವನ್ನೂ ಗಮನಿಸಬೇಕು. ಬಂಗಾಳದ ಬರಕ್ಕೆ ಒಂದು ಕೊಡದಿಂದ ಏನಾದೀತು ಎಂದು ಅವರು ಲೆಕ್ಕ ಹಾಕಲಿಲ್ಲ. ಹುಡುಗಿ ಅಳುತ್ತಿದ್ದದ್ದು ಕೊಡಕ್ಕಾಗಿ, ಕೊಡವನ್ನೇ ಕೊಡಿಸಿದರು.

ಎಲ್ಲ ಯಾತ್ರಿಕರೂ ಅಖಂಡಾನಂದರ ಹಾಗೆ ಬೆಟ್ಟದಲ್ಲೇ ಉಳಿಯಲಾಗದು. ಮನೆಯಿದೆ, ಮಕ್ಕಳ ಪರೀಕ್ಷೆಯಿದೆ, ಸೋಮವಾರ ಕೆಲಸಕ್ಕೆ ಹೋಗಬೇಕು. ಬಸ್ಸು ತಿರುವು ಇಳಿಯುವಾಗ ಇನ್ನೂ ಬಿಸಿಯಾಗಿರುವ ಸಂಕಟ ಊರು ಸೇರುವಷ್ಟರಲ್ಲಿ ಆರಿಹೋಗುತ್ತದೆ. ಆರುವ ಮುಂಚೆ ತಮ್ಮ ಬೀದಿಯಲ್ಲಿ ಯಾರಿದ್ದಾರೆಂದು ನೆನೆಯುವುದು ಒಳ್ಳೆಯದು. ಬೆಟ್ಟದ ಮೆಟ್ಟಿಲಿಗೆ ಬಂದು ಕೂತ ಅಜ್ಜಿಯೂ ಒಂದು ಕಾಲಕ್ಕೆ ಯಾವುದೋ ಬೀದಿಯಲ್ಲಿ ಒಬ್ಬಂಟಿಯಾಗಿದ್ದವಳೇ. ಅರವತ್ತೈದು ದಾಟಿದವರಿಗೆ 2007ರಿಂದ ಸಂಧ್ಯಾ ಸುರಕ್ಷಾ ಯೋಜನೆಯ ಮಾಸಾಶನವಿದೆ, ವಿಧವೆಯರಿಗೆ ಬೇರೆ ಇದೆ. ವಯಸ್ಸಿನ ದಾಖಲೆ ಇಲ್ಲದೆ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಹೆಸರು ತಾಳೆಯಾಗದೆ, ನಾಡಕಚೇರಿಗೆ ಜೊತೆ ಬರುವವರಿಲ್ಲದೆ ಅದು ಸಿಗದವರು ಎಲ್ಲ ಊರುಗಳಲ್ಲೂ ಇದ್ದಾರೆ. ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಅರ್ಜಿ ಬರೆಯಲು ಅರ್ಧ ಗಂಟೆ ಸಾಕು. ನಾಡಕಚೇರಿಗೆ ಎರಡು ಮೂರು ಸಲ ಅಲೆಯಬೇಕಾಗಬಹುದು, ಒಂದು ದಿನದ ರಜೆ ಹೋಗಬಹುದು. ಜೊತೆಗೆ ಹೋಗುವಾಗ ಅಜ್ಜಿಯ ಪಾಸ್‌ಬುಕ್, ಆಧಾರ್, ರೇಷನ್ ಕಾರ್ಡು, ಎರಡು ಫೋಟೋ ನೆನಪಿನಿಂದ ಇಟ್ಟುಕೊಂಡಿರಬೇಕು.